ಒಂದು ತಪ್ಪಿಗೆ ಕಾಲು ಅಂಕ

ರದ್ದಿ ಬರುವುದು ಶುಕ್ರವಾರ, ಸೈಕಲ್ಲಿನ ಹಿಂದೆ,
ಕಿಲೋ ಲೆಕ್ಕದಲ್ಲಿ.
ತಂಗಿ ಗೋಂದಿನ ಬಟ್ಟಲು ಮುಂದಿಟ್ಟು ಕಾಯುತ್ತಾಳೆ,
ಅಕ್ಕ ಓದಿ ಮುಗಿಸಲಿ, ಆಮೇಲೆ ಅಂಟಿಸಿದರಾಯಿತು ಎಂದು.
ದಾವಣಗೆರೆಗೆ ಹಳತಾದ ಸುದ್ದಿ ನಮ್ಮ ಭಟ್ಟಿ ಓಣಿಗೆ ಪ್ರಚಲಿತ:
ಪರೀಕ್ಷೆಗೆ ಹನ್ನೆರಡು ತಿಂಗಳು ಯಾವುದೂ ಹಳಸುವುದಿಲ್ಲ.

ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತೇನೆ.
ಸೂಚ್ಯಂಕದಲ್ಲಿ ನಮ್ಮ ಸ್ಥಾನ, ರಾಮ್ಸರ್ ಪಟ್ಟಿ ಸೇರಿದ ಕೆರೆ,
ಯಾವ ದೇಶದ ದುಡ್ಡಿನ ಹೆಸರು ಏನು,
ತಿದ್ದುಪಡಿ ಎಷ್ಟನೆಯದು, ವಿಧಿ ಎಷ್ಟು, ಉಪವಿಧಿ ಯಾವುದು.
‘ನಾಲ್ಕನೇ ಪುಟಕ್ಕೆ’ ಎಂದು ನಿಂತ ಸುದ್ದಿಯ ಬಾಲ
ಒಮ್ಮೊಮ್ಮೆ ಸಿಗುವುದೇ ಇಲ್ಲ. ಇನ್ಯಾರದೋ ಕೈಯಲ್ಲಿ
ಶೇಂಗಾ ತುಂಬಿಕೊಂಡು ಹೋಗಿರುತ್ತದೆ.

ನಾಲ್ಕೂವರೆಗೆ ಅಬ್ಬಾ ಮರಳು ಕಾಯಿಸುತ್ತಾನೆ.
ಹಿಡಿ ಅಕ್ಕಿ ಎರಡು ಉಸಿರಿನಲ್ಲಿ ಮೊರ ತುಂಬುತ್ತದೆ,
ಅರಳದ ಕಾಳು ಜರಡಿಯ ಕೆಳಗೆ.
(ಪ್ರಿಲಿಮ್ಸ್ ಅಂದರೇನೇ ಎಂದು ಅಮ್ಮಿ ಕೇಳಿದಾಗ
ನಾನು ತೋರಿಸಿದ್ದು ಅದೇ ಜರಡಿಯನ್ನು.)
ಟೈರಿನ ಚೂರು ಎಸೆದರೆ ಉರಿ ಏಳುತ್ತದೆ;
ಒಣಹಾಕಿದ ನನ್ನ ಬಿಳಿ ದುಪಟ್ಟಾದ ಮೇಲೆ
ಕಪ್ಪಗೆ ಬೆಳಗಾಗುತ್ತದೆ.
ಒಳಗೆ ನನ್ನ ಬಾಯಿಪಾಠ:
ಪಿಎಂ ಎರಡೂವರೆ ಎಂದರೆ ಎರಡೂವರೆ ಮೈಕ್ರಾನಿನಷ್ಟು,
ಅದಕ್ಕೂ ಸಣ್ಣ ಕಣ. ಶ್ವಾಸಕೋಶದ ತಳ ಮುಟ್ಟಬಲ್ಲದು.
ಗೋಡೆಯಾಚೆ ಅಬ್ಬಾ ಕೆಮ್ಮುತ್ತಾನೆ.
ಸರಿಯುತ್ತರ.

ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದ:
“ನೀ ಸಾಹೇಬ್ರಾಗಿ ಇದೇ ಊರಿಗೆ ಬಂದಿ ಅಂತಿಟ್ಕೋ.
ಹೊಗೆ ಅಂತ ಅರ್ಜಿ ಬಂತು. ಭಟ್ಟಿ ಮುಚ್ಚಿಸ್ತಿಯೇನು?”
ಸಂದರ್ಶನದ ಕುರ್ಚಿಯಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ
ಪರ್ಯಾಯ ಇಂಧನ, ಹಂತಹಂತದ ಸ್ಥಳಾಂತರ,
ಬಾಧಿತರೊಂದಿಗೆ ಸಮಾಲೋಚನೆ, ಸಮತೋಲಿತ ದೃಷ್ಟಿಕೋನ ಅಂದೆ.
ಅಮ್ಮಿ ರೊಟ್ಟಿ ಮಗುಚುವುದನ್ನು ಮರೆತಳು.
ಅಬ್ಬಾ ನಕ್ಕ. “ಅದು ಬರೆಯೋ ಉತ್ತರ.
ಹೇಳೋ ಉತ್ತರ ಹೇಳು.”
ರೊಟ್ಟಿ ಸೀದ ವಾಸನೆ ಬಂತು. ಮಾತು ಅಲ್ಲಿಗೇ ನಿಂತಿತು.

ಪರೀಕ್ಷೆ ಪಿ.ಬಿ. ರಸ್ತೆಯ ಕಾಲೇಜಿನಲ್ಲಿ, ಮೂರನೇ ಮಹಡಿ.
ಕಿವಿಯೋಲೆ ಬಿಚ್ಚಿಸಿದರು, ದುಪಟ್ಟಾ ಕೊಡವಿಸಿದರು.
ಹಾಲ್ ಟಿಕೆಟ್ಟಿನಲ್ಲಿ ನಾನು ನಸ್ರೀನ್ ಅಲ್ಲ, ನಸರಿನ.
ನಲವತ್ತೊಂದನೇ ಪ್ರಶ್ನೆ ಕನ್ನಡದಲ್ಲಿ ಒಂದು ಕೇಳುತ್ತಿತ್ತು,
ಇಂಗ್ಲಿಷಿನಲ್ಲಿ ಅದರ ತದ್ವಿರುದ್ಧ.
ಕನ್ನಡವನ್ನೇ ನಂಬಿದೆ.
ಎಪ್ಪತ್ತಮೂರನೆಯದು ಓದಿದ್ದ ಸುದ್ದಿ.
ತಲೆಬರಹ ಗೊತ್ತು, ಚಿತ್ರ ಗೊತ್ತು, ಸಮಾರಂಭ ನಡೆದ ಊರು ಗೊತ್ತು;
ಪ್ರಶಸ್ತಿ ಯಾರಿಗೆ ಎಂಬುದು ಮಾತ್ರ
ನಾಲ್ಕನೇ ಪುಟಕ್ಕೆ ಹೋಗಿತ್ತು, ಆ ಶೇಂಗಾದ ಜೊತೆ.

ಬಿಟ್ಟುಬಿಡುವುದೋ, ಒಂದು ವೃತ್ತ ತುಂಬುವುದೋ?
ತಪ್ಪಿದರೆ ಕಾಲು ಅಂಕ, ಋಣಾತ್ಮಕ.
ಗಣಿತದಲ್ಲಿ ಋಣ ಅಂದರೆ ಕಳೆಯುವುದು.
ನಮ್ಮ ಓಣಿಯಲ್ಲಿ, ಕಳೆಯಲಾರದ್ದಕ್ಕೆ ಆ ಹೆಸರು.
ತುಂಬಿದೆ. ಮೂರನೆಯದು.

ಹೊರಗೆ ಕೊಟ್ರೇಶ ಕಾಯುತ್ತಿದ್ದ. ಬಾಡದವನು.
ಇದು ಅವನ ಕೊನೆಯ ಸಲ;
ವಯಸ್ಸಿನ ಕಾಲಂ ಇನ್ನು ಅವನನ್ನು ಒಳಗೆ ಬಿಡುವುದಿಲ್ಲ.
ಉತ್ತರ ಹೋಲಿಸಬಾರದು ಎಂದು ಮೊದಲೇ ಆಣೆ ಇತ್ತು.
ಖಾರ ಮಂಡಕ್ಕಿ ಎರಡು, ಮೆಣಸಿನಕಾಯಿ ನಾಲ್ಕು.
ಮುಗಿದ ಮೇಲೆ ಪೊಟ್ಟಣ ಬಿಡಿಸಿದೆ, ಅಭ್ಯಾಸಬಲ.
ಎಣ್ಣೆ ಹೀರಿದ ಕಾಗದದಲ್ಲಿ ಆಚೆ ಬದಿಯ ಅಕ್ಷರಗಳು
ಈಚೆಗೆ ತಿರುಗಾಮುರುಗಾ ಕಾಣುತ್ತಿದ್ದವು.
ನಡುವೆ ಒಂದು ಪೆನ್ಸಿಲ್ ಗೆರೆ,
ಅಂಚಿನಲ್ಲಿ ನನ್ನದೇ ಕೈಬರಹ: ‘ಬರಬಹುದು’.

ಬಂದಿರಲಿಲ್ಲ.
“ಏನದು?” ಅಂದ ಕೊಟ್ರೇಶ, ಮೂಗು ಒರೆಸಿಕೊಳ್ಳುತ್ತ,
ಖಾರಕ್ಕೋ ಏನೋ.
ಯಾವುದೋ ದ್ವೀಪದ ರಾಜಧಾನಿ, ಅಂದೆ. ದ್ವೀಪದ ಹೆಸರು ಓದಿದೆ.
ಅವನು ಥಟ್ಟನೆ ಹೇಳಿದ.
ಸರಿಯಾಗಿತ್ತು.